ಹಾರಿಸಿಯೇ ತೀರಬೇಕೆಂಬ ಪ್ರೀತಿ

1947ರ ಫೆಬ್ರವರಿಯಲ್ಲಿ ಅಮೆರಿಕದ ಬಿ-29 ಬಾಂಬರೊಂದು ಉತ್ತರ ಧ್ರುವದ ಕಡೆ ಹೋಗಿ ಬರುವಾಗ ದಾರಿ ತಪ್ಪಿತು. ಇಂಧನ ಮುಗಿಯುತ್ತ ಬಂದದ್ದರಿಂದ ಗ್ರೀನ್‌ಲ್ಯಾಂಡಿನ ವಾಯವ್ಯದಲ್ಲಿ ಹೆಪ್ಪುಗಟ್ಟಿದ ಕೆರೆಯೊಂದರ ಮೇಲೆ ಅದನ್ನು ಇಳಿಸಿದರು. ಒಳಗಿದ್ದವರೆಲ್ಲ ಬದುಕಿದರು, ಕೆಲವೇ ದಿನಗಳಲ್ಲಿ ಅವರನ್ನು ಬೇರೆ ವಿಮಾನ ಬಂದು ಕರೆದೊಯ್ದಿತು. ‘ಕೀ ಬರ್ಡ್’ ಎಂಬ ಹೆಸರಿನ ಆ ಬಾಂಬರು ಅಲ್ಲೇ ಉಳಿಯಿತು. ತುಕ್ಕು ಹಿಡಿಸುವ ಸೆಕೆಯಿಲ್ಲ, ಗುಜರಿಯವರ ಕಾಟವಿಲ್ಲ. ಸುಮಾರು ಅರ್ಧ ಶತಮಾನ ಅದು ಆ ಚಳಿಯಲ್ಲಿ, ಇಳಿದ ದಿನ ಹೇಗಿತ್ತೋ ಬಹುಪಾಲು ಹಾಗೆಯೇ ಕೂತಿತ್ತು.

1994ರಲ್ಲಿ ಅದನ್ನು ಪ್ರೀತಿಸುವವರು ಬಂದರು. ಹೊಸ ಎಂಜಿನ್ನು, ಪ್ರೊಪೆಲರು, ಟೈರುಗಳನ್ನು ಆ ಹಿಮದ ನಾಡಿಗೆ ಸಾಗಿಸಿದರು, ಬಯಲಲ್ಲಿ ನಿಂತು ದುರಸ್ತಿ ಮಾಡಿದರು. ತಂಡದ ಮುಖ್ಯ ಮೆಕ್ಯಾನಿಕ್ ಅಲ್ಲೇ ಕಾಯಿಲೆ ಬಿದ್ದು, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡ. ಮುಂದಿನ ವರ್ಷದ ಮೇ ತಿಂಗಳಲ್ಲಿ ಮತ್ತೆ ಬಂದು ನಾಲ್ಕೂ ಎಂಜಿನ್ನು ಚಾಲೂ ಮಾಡಿ, ವಿಮಾನವನ್ನು ಮಂಜಿನ ಮೇಲೆ ಮುಂದಕ್ಕೆ ಓಡಿಸಿದರು. ಬಾಲದ ಕಡೆ ಇದ್ದ ಸಹಾಯಕ ಜನರೇಟರಿಗೆ ಇಂಧನ ಹರಿಯಲೆಂದು ತಾತ್ಕಾಲಿಕ ಟ್ಯಾಂಕೊಂದನ್ನು ಕೂರಿಸಿದ್ದರು. ನೆಲದ ಕುಲುಕಾಟಕ್ಕೆ ಆ ಟ್ಯಾಂಕಿನಿಂದ ಪೆಟ್ರೋಲು ಚೆಲ್ಲಿ ಬೆಂಕಿ ಹತ್ತಿಕೊಂಡಿತು. ಜನ ಹೊರಗೆ ಓಡಿ ಪಾರಾದರು. ಬಾಲದಿಂದ ಕಾಕ್‌ಪಿಟ್ಟಿನವರೆಗೆ ಉರಿ ಹಬ್ಬಿತು, ನಡುಭಾಗ ಕರಗಿ ಕುಸಿಯಿತು. ಧ್ರುವದ ಚಳಿ ದಶಕಗಳಲ್ಲಿ ಮಾಡಲಾಗದ್ದನ್ನು ಅಭಿಮಾನಿಗಳು ಒಂದು ದಿನದಲ್ಲಿ ಮಾಡಿ ಮುಗಿಸಿದ್ದರು.

ವಿಮಾನಪ್ರಿಯರ ವಲಯದಲ್ಲಿ ಈ ಕಥೆಯನ್ನು ದುರಂತ ಕಾವ್ಯದಂತೆ ಹೇಳುವುದು ವಾಡಿಕೆ. ಎಂಥ ಸಾಹಸ, ಎಂಥ ತ್ಯಾಗ, ಕಡೆಗಳಿಗೆಯಲ್ಲಿ ವಿಧಿ ಕೈಕೊಟ್ಟಿತು ಎನ್ನುತ್ತಾರೆ. ವಿಧಿಯ ಮೇಲೆ ಹೊರೆ ಹೊರಿಸುವ ಈ ಮಾತನ್ನು ನಾನು ಒಪ್ಪಲಾರೆ. ಕೀ ಬರ್ಡ್ ಸುಟ್ಟದ್ದು ಒಂದು ನಂಬಿಕೆಯಿಂದ. ಹಳೆಯ ವಿಮಾನವನ್ನು ಉಳಿಸುವುದೆಂದರೆ ಅದನ್ನು ಹಾರಿಸುವುದು, ಹಾರದೆ ನಿಂತ ವಿಮಾನ ಬರೀ ಹೆಣ, ಸಂಗ್ರಹಾಲಯವೆಂದರೆ ಹೆಣದ ಮನೆ ಎಂಬ ನಂಬಿಕೆ ಅದು. ಇಂಗ್ಲೆಂಡು, ಅಮೆರಿಕಗಳ ಹಳೆ ವಿಮಾನಪ್ರಿಯರಲ್ಲಿ ಇದನ್ನು ಪ್ರಶ್ನಿಸುವವರು ವಿರಳ. ಯಾವ ಕೂಟಕ್ಕೆ ಹೋದರೂ, ಯಾವ ಪತ್ರಿಕೆ ತೆರೆದರೂ ಕೊನೆಯ ಅಳತೆಗೋಲು ಒಂದೇ: ಅದು ಹಾರುತ್ತದೆಯೇ? ಹಾರಿದರೆ ಬದುಕಿದೆ, ಇಲ್ಲವಾದರೆ ಸತ್ತಿದೆ. ಈಗೀಗ ನಮ್ಮಲ್ಲೂ ಇದೇ ಮಾತು ಕೇಳಿಬರುತ್ತಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನಗೆ ವಿಮಾನಗಳ ಮೇಲೆ ಅಸಡ್ಡೆಯೇನೂ ಇಲ್ಲ. ಮೆರ್ಲಿನ್ ಎಂಜಿನ್ನಿನ ಸದ್ದು ಕಿವಿಗೆ ಬಿದ್ದರೆ ನನಗೂ ಮೈ ಜುಮ್ಮೆನ್ನುತ್ತದೆ. ಎಚ್‌ಎಎಲ್ ರನ್‌ವೇಯಿಂದ ಏಳುವ ವಿಮಾನಗಳನ್ನು ತಲೆಯೆತ್ತಿ ನೋಡುತ್ತ ಬೆಳೆದ ಬೆಂಗಳೂರಿಗರಲ್ಲಿ ನಾನೂ ಒಬ್ಬ. ಆದರೆ ಮೈ ಜುಮ್ಮೆನ್ನುವುದು ನನ್ನ ಸುಖ, ಅದರಿಂದ ವಿಮಾನಕ್ಕೆ ಏನೂ ದಕ್ಕುವುದಿಲ್ಲ. ಆ ಸುಖಕ್ಕಾಗಿ ಜಗತ್ತಿನಲ್ಲಿ ಒಂದೋ ಎರಡೋ ಉಳಿದಿರುವ ವಸ್ತುವನ್ನು ಸವೆಸುವ ಹಕ್ಕು ನನಗಾಗಲಿ ಬೇರೆ ಯಾರಿಗಾಗಲಿ ಇದೆಯೆಂದು ನನಗೆ ಅನಿಸುವುದಿಲ್ಲ.

ಹಾರಾಟ ಏನನ್ನು ತಿನ್ನುತ್ತದೆ ಎಂಬುದನ್ನು ಮೊದಲು ನೋಡಬೇಕು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಬಳಿ ‘ಫ್ಲ್ಯಾಕ್ ಬೇಟ್’ ಎಂಬ ಮಾರ್ಟಿನ್ ಬಿ-26 ಮರಾಡರ್ ಬಾಂಬರ್ ಇದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಮೇಲೆ ಇನ್ನೂರಕ್ಕೂ ಹೆಚ್ಚು ದಾಳಿಗಳಿಗೆ ಹೋಗಿ ಬಂದ ವಿಮಾನ ಅದು. ನೆಲದಿಂದ ಸಿಡಿದ ಗುಂಡಿನ ಚೂರುಗಳು ಅದರ ಮೈಯಲ್ಲಿ ಮಾಡಿದ ತೂತುಗಳು ಸಾವಿರಕ್ಕೂ ಮಿಕ್ಕಿ. ಪ್ರತಿ ತೂತಿಗೂ ಯಾರೋ ಒಬ್ಬ ನೆಲದ ಸಿಬ್ಬಂದಿ, ರಾತ್ರೋರಾತ್ರಿ, ಬೆಳಗಿನ ಹಾರಾಟಕ್ಕೆ ಸಿದ್ಧವಾಗಲೆಂದು ತಗಡಿನ ತುಂಡು ಕತ್ತರಿಸಿ ರಿವೆಟ್ ಹೊಡೆದಿದ್ದಾನೆ. ಆ ತೇಪೆಗಳು ಇವತ್ತಿಗೂ ಅಲ್ಲಿವೆ. ಮೂತಿಯ ಪಕ್ಕದಲ್ಲಿ ದಾಳಿಗೊಂದರಂತೆ ಬಳಿದ ಬಾಂಬಿನ ಗುರುತುಗಳು ಸಾಲುಸಾಲಾಗಿ ನಿಂತಿವೆ, ಅದೂ ಅಂದಿನ ಬಣ್ಣದಲ್ಲೇ, ಅಂದಿನ ಕೈಗಳೇ ಬಳಿದದ್ದು. ಸಂಗ್ರಹಾಲಯದ ಸಂರಕ್ಷಕರು ಅದನ್ನು ತಿಕ್ಕಿ ಹೊಳಪಿಸಲಿಲ್ಲ. ಇದ್ದುದನ್ನು ಇದ್ದಂತೆಯೇ ಉಳಿಸಲು ಶ್ರಮಪಟ್ಟರು.

ಈ ವಿಮಾನವನ್ನು ಹಾರಿಸಹೊರಟರೆ ಏನಾಗುತ್ತದೆ? ತೇಪೆ ಹಾಕಿದ ತಗಡನ್ನು ಯಾವ ಇನ್‌ಸ್ಪೆಕ್ಟರೂ ನಂಬುವಂತಿಲ್ಲ, ಅದು ಹೋಗಬೇಕು. ಹಳೆಯ ವೈರು, ಹಳೆಯ ಕೊಳವೆ, ಹಳೆಯ ರಬ್ಬರು ಎಲ್ಲ ಹೋಗಬೇಕು. ದಣಿದ ಲೋಹದಲ್ಲಿ ಬಿರುಕಿದೆಯೇ ಎಂದು ನೋಡಲು ಬಣ್ಣವನ್ನು ಕೆರೆಯಬೇಕು, ಆಗ ಆ ಬಾಂಬಿನ ಗುರುತುಗಳೂ ಹೋಗುತ್ತವೆ. ಹಾರಾಟಕ್ಕೆ ಯೋಗ್ಯವೆಂಬ ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ, ಯಾವುದರಿಂದಾಗಿ ಆ ವಿಮಾನ ಅಮೂಲ್ಯವೋ ಅದೆಲ್ಲ ಕಸದ ತೊಟ್ಟಿ ಸೇರಿರುತ್ತದೆ. ಇಂಗ್ಲೆಂಡಿನಲ್ಲಿ ಇಂದು ಹಾರುವ ಎಷ್ಟೋ ಸ್ಪಿಟ್‌ಫೈರುಗಳ ಸ್ಥಿತಿ ಇದೇ. ಮಣ್ಣಿನಿಂದಲೋ ಮರಳಿನಿಂದಲೋ ಅಗೆದು ತೆಗೆದ ಮುರುಕು ಅವಶೇಷದ ಗುರುತಿನ ಸಂಖ್ಯೆಯ ಸುತ್ತ ಬಹುಪಾಲು ಹೊಸ ಲೋಹದಲ್ಲಿ ಕಟ್ಟಿದ ವಿಮಾನಗಳವು. ಅವುಗಳ ಹಿಂದಿರುವ ಕುಶಲತೆಗೆ ನಾನು ಕೈಮುಗಿಯುತ್ತೇನೆ. ಆದರೆ 1940ರಲ್ಲಿ ಹೋರಾಡಿದ ವಿಮಾನವೇ ಇದು ಎಂದು ಜನರಿಗೆ ಹೇಳುವುದನ್ನು ಒಪ್ಪಲಾರೆ.

ಅದೇ ಮರಾಡರ್ ಜಾತಿಯ ಇನ್ನೊಂದು ಬಾಂಬರು ಟೆಕ್ಸಾಸಿನ ಅಭಿಮಾನಿಗಳ ಸಂಸ್ಥೆಯೊಂದರಲ್ಲಿತ್ತು. ಅದನ್ನು ವರ್ಷಗಟ್ಟಲೆ ದುಡಿದು ಹಾರುವಂತೆ ಮಾಡಿದ್ದರು. 1995ರ ಸೆಪ್ಟೆಂಬರಿನಲ್ಲಿ ಅದು ನೆಲಕ್ಕಪ್ಪಳಿಸಿತು, ಒಳಗಿದ್ದ ಐವರೂ ಸತ್ತರು. ಮರುವರ್ಷದ ಜುಲೈನಲ್ಲಿ ಇಂಗ್ಲೆಂಡಿನ ಬಾರ್ಟನ್‌ನಲ್ಲಿ ಪ್ರದರ್ಶನ ನೀಡುತ್ತಿದ್ದ ಡಿ ಹ್ಯಾವಿಲೆಂಡ್ ಮಸ್ಕಿಟೋ ಬಿದ್ದು ಇಬ್ಬರು ತೀರಿಕೊಂಡರು. ಆಗ ಜಗತ್ತಿನಲ್ಲಿ ಹಾರುತ್ತಿದ್ದ ಮಸ್ಕಿಟೋ ಅದೊಂದೇ.

ಹಾರುವ ವಿಮಾನ ಜೀವಂತ ಇತಿಹಾಸ ಎನ್ನುತ್ತಾರೆ. ಆ ಮಾತಿನ ಬೆಲೆ ಏನೆಂದು ತಿಳಿಯಬೇಕಾದರೆ ‘ನೈನ್ ಓ ನೈನ್’ ಎಂಬ ಬಿ-17ರ ಕಥೆ ಕೇಳಬೇಕು. ಯುದ್ಧಕಾಲದಲ್ಲಿ ಆ ಹೆಸರಿನ ಬಿ-17 ಒಂದಿತ್ತು, ನಿಜ. 140 ದಾಳಿಗಳಿಗೆ ಹೋಗಿಬಂದ, ಸಿಬ್ಬಂದಿಯಲ್ಲಿ ಒಬ್ಬರನ್ನೂ ಕಳೆದುಕೊಳ್ಳದ ವಿಮಾನ. ಯುದ್ಧ ಮುಗಿದ ಮೇಲೆ ಅದನ್ನು ಆರಿಜೋನಾದ ಕಿಂಗ್‌ಮನ್‌ನಲ್ಲಿ ಸಾವಿರಾರು ವಿಮಾನಗಳ ಜೊತೆ ಗುಜರಿಗೆ ಒಡೆದುಹಾಕಿದರು. ದಶಕಗಳ ಕಾಲ ಅಮೆರಿಕದ ಊರೂರಿಗೆ ಹಾರಿ ಬಂದು, ಹಣ ತೆತ್ತವರನ್ನು ಕೂರಿಸಿಕೊಂಡು ಸುತ್ತು ಹೊಡೆಸಿದ ‘ನೈನ್ ಓ ನೈನ್’ ಅದಲ್ಲ. ಅದು ಯುದ್ಧದ ಕೊನೆಯಲ್ಲಿ ತಯಾರಾದ, ಬೇರೆಯೇ ಬಾಳು ಕಂಡ ಇನ್ನೊಂದು ಬಿ-17. ಸಮುದ್ರದಲ್ಲಿ ಸಿಕ್ಕಿಕೊಂಡವರ ರಕ್ಷಣೆಗೆ ದುಡಿದದ್ದು. 1952ರಲ್ಲಿ ನೆವಾಡ ಮರುಭೂಮಿಯಲ್ಲಿ ಅಣುಬಾಂಬಿನ ಪರೀಕ್ಷೆ ನಡೆದಾಗ, ಸ್ಫೋಟದಿಂದ ವಿಮಾನಕ್ಕೆ ಏನಾಗುತ್ತದೆಂದು ನೋಡಲು ಬೇಕೆಂದೇ ಮೂರು ಸ್ಫೋಟಗಳಿಗೆ ಒಡ್ಡಿದ್ದು. ಆಮೇಲೆ ವರ್ಷಗಟ್ಟಲೆ ಕಾಡ್ಗಿಚ್ಚು ಆರಿಸಿದ್ದು.

ಎಂಥ ಚರಿತ್ರೆ! ಶೀತಲ ಸಮರದ ಅಷ್ಟೂ ಭಯ ಆ ಒಂದು ಲೋಹದ ಮೈಯಲ್ಲಿ ಇತ್ತು. ವಿಮಾನವನ್ನು ಕೊಂಡವರಿಗೆ ಆ ಚರಿತ್ರೆ ಬೇಡವಾಯಿತು. ಅದರ ಮೇಲೆ ಬಣ್ಣ ಬಳಿದು, ಸತ್ತುಹೋದ ಇನ್ನೊಂದು ವಿಮಾನದ ಹೆಸರು ಬರೆದರು. ಏರ್ ಶೋಗಳಿಗೆ ಬರುವ ಜನಕ್ಕೆ ಬೇಕಾದ್ದು ವೀರ ಬಾಂಬರು, ಅಣುಬಾಂಬಿನ ಪ್ರಯೋಗಪಶು ಅಲ್ಲ. ಜೀವಂತ ಇತಿಹಾಸವೆಂದು ಜಾಹೀರು ಮಾಡಿದ್ದು ವೇಷ ಹಾಕಿದ ಇತಿಹಾಸವನ್ನು.

ನಮ್ಮೂರಿಗೂ ಇದರಲ್ಲಿ ನೇರ ನಂಟಿದೆ. ‘ನೈನ್ ಓ ನೈನ್’ ಹಾರಿಸುತ್ತಿದ್ದ ಸಂಸ್ಥೆಯೇ ಬಿ-24 ಲಿಬರೇಟರ್ ಬಾಂಬರೊಂದನ್ನೂ ಹಾರಿಸುತ್ತಿತ್ತು. 1944ರಲ್ಲಿ ಟೆಕ್ಸಾಸಿನಲ್ಲಿ ತಯಾರಾಗಿ ಬ್ರಿಟಿಷರ ವಾಯುಪಡೆಗೆ ಸೇರಿ ಪೂರ್ವಕ್ಕೆ ಬಂದ ವಿಮಾನ ಅದು. ಯುದ್ಧ ಮುಗಿದಾಗ ಬ್ರಿಟಿಷರು ತಮ್ಮ ಲಿಬರೇಟರುಗಳನ್ನು ಕಾನ್ಪುರದಲ್ಲಿ ರಾಶಿ ಹಾಕಿ, ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟುಹೋದರು. ಸ್ವಾತಂತ್ರ್ಯ ಬಂದ ಹೊಸತು, ದೇಶಕ್ಕೆ ದೊಡ್ಡ ಬಾಂಬರುಗಳು ಬೇಕಿದ್ದವು, ಕೊಳ್ಳಲು ದುಡ್ಡಿರಲಿಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಆ ಗುಜರಿ ರಾಶಿಗೆ ಕೈಹಾಕಿದರು. ಒಂದರ ಬಿಡಿಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿಗೆ ತಲುಪುವಷ್ಟರ ಮಟ್ಟಿಗೆ ಅಲ್ಲೇ ಸರಿಮಾಡಿದರು. ಕಾರ್ಖಾನೆಯ ಪೈಲಟ್ ಜಮ್‌ಷೆಡ್ ಮುನ್ಶಿ ಅವುಗಳನ್ನು ಒಂದೊಂದಾಗಿ ಇಲ್ಲಿಗೆ ಹಾರಿಸಿ ತಂದರು. ಇಲ್ಲಿನ ಕೆಲಸಗಾರರು ಅವನ್ನು ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ವಾಯುಪಡೆಗೆ ಒಪ್ಪಿಸಿದರು. ಆಗುವ ಮಾತಲ್ಲವೆಂದು ಹೊರಗಿನವರು ಕೈಬಿಟ್ಟಿದ್ದ ಕೆಲಸವನ್ನು ವಿಮಾನಪುರದ ಫಿಟ್ಟರುಗಳು ಮಾಡಿ ತೋರಿಸಿದರು. 1948ರಿಂದ 1968ರವರೆಗೆ, ಇಪ್ಪತ್ತು ವರ್ಷ ಭಾರತದ ವಾಯುಪಡೆ ಆ ಲಿಬರೇಟರುಗಳನ್ನು ಹಾರಿಸಿತು. ಇಂದು ಜಗತ್ತಿನ ಸಂಗ್ರಹಾಲಯಗಳಲ್ಲಿ ಇರುವ ಬೆರಳೆಣಿಕೆಯ ಲಿಬರೇಟರುಗಳಲ್ಲಿ ಹಲವು ಉಳಿದದ್ದು ಇದರಿಂದಲೇ. ಅಮೆರಿಕದಲ್ಲಿ ತಯಾರಾದ ಸಾವಿರಾರು ಲಿಬರೇಟರುಗಳನ್ನು ಅಮೆರಿಕದವರೇ ಕರಗಿಸಿಬಿಟ್ಟಿದ್ದರು.

ಅವುಗಳಲ್ಲೊಂದಾಗಿ ಅಭಿಮಾನಿಗಳ ಕೈಸೇರಿದ ಆ ಬಿ-24 1989ರಲ್ಲಿ ಮತ್ತೆ ಹಾರಿತು. ‘ಆಲ್ ಅಮೆರಿಕನ್’ ಎಂಬ ಹೆಸರು, ಅಮೆರಿಕದ ಬಣ್ಣ. ಮುಂದೆ ಹೆಸರು ಬದಲಾಯಿತು, ಕಡೆಗೆ ‘ವಿಚ್‌ಕ್ರಾಫ್ಟ್’ ಆಯಿತು. ಅದು ಅತಿ ಹೆಚ್ಚು ಕಾಲ ಸೇವೆ ಮಾಡಿದ್ದು ಯಾರ ಬಳಿ? ಅದರ ತಗಡಿಗೆ ಕಡೆಯ ಬಾರಿ ಕೆಲಸದ ರಿವೆಟ್ ಹೊಡೆದವರು ಯಾರು? ಹಾರುತ್ತಿದ್ದ ವಿಮಾನದ ಮೈಯಲ್ಲಿ ಅದರ ಸುಳಿವೇ ಇರಲಿಲ್ಲ. ಬೆಂಗಳೂರಿನ ಕೆಲಸಗಾರರ ಕೈಗುರುತನ್ನು ಅಭಿಮಾನಿಗಳ ಬಣ್ಣ ಮುಚ್ಚಿತು. ಕನ್ನಡಿಗ ವಿಮಾನಪ್ರಿಯರು ಆ ವಿಮಾನದ ಚಿತ್ರ ನೋಡಿ ರೋಮಾಂಚನಗೊಳ್ಳುವಾಗ ಇದನ್ನು ನೆನೆಯಲಿ ಎಂಬುದು ನನ್ನ ಬೇಡಿಕೆ.

ನಮ್ಮ ವಾಯುಪಡೆಯ ವಿಂಟೇಜ್ ಫ್ಲೈಟ್‌ನ ‘ಪರಶುರಾಮ’ ಡಕೋಟಾ ಕೂಡ ಬೇರೆಯದರ ಗುರುತು ಹಚ್ಚುವ ಈ ಚಟದಿಂದ ಪಾರಾಗಿಲ್ಲ. ರಾಜೀವ್ ಚಂದ್ರಶೇಖರ್ ಅವರು ಐರ್ಲೆಂಡಿನಲ್ಲಿ ಕೊಂಡು, ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ ಕಾಣಿಕೆ ಕೊಟ್ಟ ವಿಮಾನ ಅದು, 2018ರಲ್ಲಿ ಭಾರತಕ್ಕೆ ಬಂತು. ಅದರ ಬಾಲದ ಮೇಲಿರುವ ವಿಪಿ 905 ಎಂಬ ಸಂಖ್ಯೆ 1947ರ ಅಕ್ಟೋಬರಿನಲ್ಲಿ ಸೈನಿಕರನ್ನು ಹೊತ್ತು ಶ್ರೀನಗರಕ್ಕೆ ಹೋದ ಬೇರೊಂದು ಡಕೋಟಾದ್ದು. ಶ್ರೀನಗರವನ್ನು ಉಳಿಸಿದವರ ನೆನಪು ದೊಡ್ಡದು, ಗೌರವಿಸಬೇಕಾದ್ದೇ. ಆದರೆ ನೋಡುವ ಹುಡುಗನಿಗೆ ಇದೇ ಆ ವಿಮಾನ ಎಂದು ಅನಿಸಿದರೆ ಅದು ಅವನ ತಪ್ಪಲ್ಲ.

ಇನ್ನು ಸಾವಿನ ಮಾತು. 2019ರ ಅಕ್ಟೋಬರ್ 2ರ ಬೆಳಿಗ್ಗೆ ಅದೇ ‘ನೈನ್ ಓ ನೈನ್’ ಕನೆಕ್ಟಿಕಟ್‌ನ ಬ್ರಾಡ್ಲಿ ವಿಮಾನನಿಲ್ದಾಣದಿಂದ ಹತ್ತು ಪ್ರಯಾಣಿಕರನ್ನು, ಮೂವರು ಸಿಬ್ಬಂದಿಯನ್ನು ಕೂರಿಸಿಕೊಂಡು ಮೇಲೇರಿತು. ಏರಿದ ಸ್ವಲ್ಪ ಹೊತ್ತಿಗೇ ಎಂಜಿನ್ ಕೈಕೊಟ್ಟಿತು. ವಾಪಸು ತಿರುಗಿ ಬರುವಾಗ ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದು ಉರಿಯಿತು. ಐವರು ಪ್ರಯಾಣಿಕರು, ಇಬ್ಬರು ಪೈಲಟ್‌ಗಳು ಸತ್ತರು. ಚಾಲಕ ಅನನುಭವಿಯಲ್ಲ, ಬಿ-17ರಲ್ಲಿ ಏಳು ಸಾವಿರ ಗಂಟೆಗೂ ಮಿಕ್ಕಿ ಹಾರಿದವರು. ಆ ವಿಮಾನದ ನಿರ್ವಹಣೆಯ ಹೊಣೆಯೂ ಅವರದ್ದೇ ಆಗಿತ್ತು. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಎಂಜಿನ್ ನಿಲ್ಲಿಸಿದ ಮೇಲೆ ವೇಗವನ್ನು ಸರಿಯಾಗಿ ಕಾಯ್ದುಕೊಳ್ಳಲಿಲ್ಲವೆಂದಿತು. ಜೊತೆಗೆ ನಿರ್ವಹಣೆಯ ಕೊರತೆಯಿಂದ ಎರಡು ಎಂಜಿನ್ನುಗಳು ಶಕ್ತಿ ಕಳೆದುಕೊಂಡವೆಂದಿತು. ಎಂಜಿನ್ನಿಗೆ ಕಿಡಿ ಒದಗಿಸುವ ಮ್ಯಾಗ್ನೆಟೋಗೆ ಸಂಬಂಧಿಸಿದ ಭಾಗವೊಂದನ್ನು ತಂತಿ ಸುತ್ತಿ ನಿಲ್ಲಿಸಿದ್ದರು. ಸ್ಪಾರ್ಕ್ ಪ್ಲಗ್ಗುಗಳ ಅಂತರ ಸರಿಯಿರಲಿಲ್ಲ. ಈ ವಿಮಾನಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಳ್ಳುತ್ತಾರೆ ಎಂಬ ನಮ್ಮ ನಂಬಿಕೆಯನ್ನು ಮುರಿಯಲು ಆ ತಂತಿಯ ತುಂಡು ಸಾಕು.

ಸ್ವಿಟ್ಜರ್ಲೆಂಡಿನಲ್ಲಿ 2018ರ ಆಗಸ್ಟಿನಲ್ಲಿ 1939ರ ಯುಂಕರ್ಸ್ ಜೆಯು-52 ವಿಮಾನವೊಂದು ಆಲ್ಪ್ಸ್ ಪರ್ವತದಲ್ಲಿ ಬಿದ್ದು ಇಪ್ಪತ್ತು ಜನ ಸತ್ತರು. ಡಲ್ಲಾಸ್‌ನಲ್ಲಿ 2022ರ ನವೆಂಬರಿನಲ್ಲಿ, ಸಾವಿರಾರು ಜನರ ಕಣ್ಣೆದುರಿಗೇ, ಪಿ-63 ಕಿಂಗ್‌ಕೋಬ್ರಾ ವಿಮಾನವೊಂದು ಬಿ-17ಕ್ಕೆ ಪಕ್ಕದಿಂದ ಬಡಿದು ಅದನ್ನು ಎರಡು ತುಂಡು ಮಾಡಿತು. ಆರು ಜನ ಹೋದರು. ಆ ಕಿಂಗ್‌ಕೋಬ್ರಾದ ಉಪಮಾದರಿಯಲ್ಲಿ ತಯಾರಾದದ್ದೇ ಎರಡು.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಇಂಗ್ಲೆಂಡಿನ ಶೋರಮ್. 2015ರ ಆಗಸ್ಟ್ 22. ಅರವತ್ತು ವರ್ಷ ಹಳೆಯ ಹಾಕರ್ ಹಂಟರ್ ಜೆಟ್ಟನ್ನು ಲೂಪ್ ಮಾಡಿಸಲು ಹೋದಾಗ ಸುತ್ತಿನ ತುದಿಯಲ್ಲಿ ಬೇಕಾದಷ್ಟು ಎತ್ತರ ಇರಲಿಲ್ಲ. ವಿಮಾನ ಪಕ್ಕದ ಎ27 ಹೆದ್ದಾರಿಯ ಮೇಲೆ ಬಿತ್ತು. ಸತ್ತ ಹನ್ನೊಂದು ಜನರಲ್ಲಿ ಒಬ್ಬರೂ ಪ್ರದರ್ಶನದ ಮೈದಾನದೊಳಗಿರಲಿಲ್ಲ. ಫುಟ್‌ಬಾಲ್ ಪಂದ್ಯಕ್ಕೆ ಹೊರಟಿದ್ದ ಇಬ್ಬರು ಯುವಕರು. ಮದುವೆಗೆ ವಧುವನ್ನು ಕರೆತರಲು ಕಾರು ಓಡಿಸಿಕೊಂಡು ಹೋಗುತ್ತಿದ್ದ ಒಬ್ಬರು. ರಸ್ತೆಬದಿಯಲ್ಲಿ ನಿಂತಿದ್ದವರು. ಅಪಾಯ ಗೊತ್ತಿದ್ದೇ ಹಾರುತ್ತೇವೆ, ನಮ್ಮ ಜೀವ ನಮ್ಮದು ಎಂದು ವಿಮಾನಪ್ರಿಯರು ಹೇಳುವ ಮಾತು ಆ ಹೆದ್ದಾರಿಯಲ್ಲಿ ನಿಲ್ಲುವುದಿಲ್ಲ. ಕೆಂಪುದೀಪಕ್ಕೆ ಕಾರು ನಿಲ್ಲಿಸಿಕೊಂಡವನು ಯಾವ ಅಪಾಯಕ್ಕೂ ಸಹಿ ಹಾಕಿರಲಿಲ್ಲ. ಲೂಪ್ ಹೊಡೆಯುವ ಹಂಟರನ್ನು ನೋಡುವ ಆಸೆ ನಮಗಿತ್ತು, ಅದರ ಬೆಲೆ ತೆತ್ತವನು ಅವನು.

ನುಡಿಸದ ವೀಣೆ ವೀಣೆಯೇ ಎಂದು ಕೇಳುವವರಿದ್ದಾರೆ. ಈ ಹೋಲಿಕೆ ಮನಸ್ಸಿಗೆ ಹಿತವಾಗಿದೆ, ಸರಿಯಾಗಿಲ್ಲ. ವೀಣೆಯನ್ನು ಇವತ್ತೂ ಮಾಡುವವರಿದ್ದಾರೆ, ತಂತಿ ಹರಿದರೆ ಅಂಗಡಿಯಲ್ಲಿ ಸಿಗುತ್ತದೆ, ಹಲಸಿನ ಮರ ಇನ್ನೂ ಬೆಳೆಯುತ್ತದೆ. ಬಿ-17ರ ರೈಟ್ ಸೈಕ್ಲೋನ್ ಎಂಜಿನ್ನು ತಯಾರಿಸುವ ಕಾರ್ಖಾನೆ ಎಂದೋ ಮುಚ್ಚಿದೆ. ಹಾರುವ ಪ್ರತಿ ಗಂಟೆಯೂ ಉಳಿದ ಬಿಡಿಭಾಗಗಳ ದಾಸ್ತಾನಿನಿಂದ ಒಂದಷ್ಟನ್ನು ತೆಗೆದು ತಿನ್ನುತ್ತದೆ. ಲೋಹದ ಆಯುಸ್ಸಂತೂ ಯಾರ ಪ್ರೀತಿಗೂ ಬಗ್ಗುವುದಿಲ್ಲ. ಬಿ-17ರ ರೆಕ್ಕೆ ದೇಹಕ್ಕೆ ಕೂಡುವ ಕಡೆ ದೋಷ ಕಂಡದ್ದರಿಂದ 2023ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಕರೇ ತಪಾಸಣೆಗೆ ಆದೇಶ ಹೊರಡಿಸಬೇಕಾಯಿತು. ಕೆಲವೇ ವರ್ಷ ಬಾಳಲೆಂದು, ಯುದ್ಧ ಮುಗಿದರೆ ಕರಗಿಸಬಹುದೆಂದು ಅವಸರದಲ್ಲಿ ಕಟ್ಟಿದ ವಿಮಾನಗಳು ಇವು. ಎಂಬತ್ತು ವರ್ಷದ ಮೇಲೂ ಅವುಗಳ ರೆಕ್ಕೆಗೆ ಜನರ ಜೀವ ನೇತುಹಾಕುವುದು ಅವುಗಳಿಗೆ ತೋರುವ ಗೌರವವೇ?

ವಿಮಾನಪ್ರಿಯರ ಬಲವಾದ ವಾದ ಕುಶಲತೆಯದ್ದು, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಹಾರಾಟ ನಿಂತರೆ ರೇಡಿಯಲ್ ಎಂಜಿನ್ ಬಿಚ್ಚಿ ಕಟ್ಟಬಲ್ಲವರು ಇಲ್ಲವಾಗುತ್ತಾರೆ, ಬಟ್ಟೆ ಹೊದಿಸಿ ಡೋಪ್ ಎಂಬ ಲೇಪ ಬಳಿಯುವ ಕೈಗಳು ಮರೆಯಾಗುತ್ತವೆ ಎನ್ನುತ್ತಾರೆ. ಈ ಕಾಳಜಿ ನಿಜ. ಆದರೆ ಆ ಕೈಗಳಿಗೆ ಕೆಲಸ ಕೊಡಲು ಕೊನೆಯ ಮೂಲಪ್ರತಿಯೇ ಬೇಕೇ? ನ್ಯೂಜಿಲೆಂಡಿನಲ್ಲಿ ಚಿತ್ರನಿರ್ದೇಶಕ ಪೀಟರ್ ಜಾಕ್ಸನ್ ಬೆನ್ನಿಗೆ ನಿಂತ ಕಾರ್ಯಾಗಾರವೊಂದು ಮೊದಲ ಮಹಾಯುದ್ಧದ ವಿಮಾನಗಳನ್ನು ಹಳೆಯ ನಕ್ಷೆಗಳ ಪ್ರಕಾರ ಹೊಸದಾಗಿ ಕಟ್ಟಿದೆ, ಎಂಜಿನ್ನುಗಳನ್ನೂ ಹೊಸದಾಗಿ ಎರಕ ಹೊಯ್ದಿದೆ. ಜರ್ಮನಿಯ ಜೆಟ್ ಫೈಟರ್ ಎಂಇ-262ರ ಹೊಸ ಪ್ರತಿಯೊಂದು 2002ರಲ್ಲಿ ಅಮೆರಿಕದಲ್ಲಿ ಹಾರಿತು, ಒಳಗೆ ಇಂದಿನ ನಂಬಿಗಸ್ತ ಎಂಜಿನ್ನು. ಹಾರುವ ಸುಖ ಬೇಕಿದ್ದವರಿಗೆ, ಕಲಿಯುವ ಹಂಬಲ ಇದ್ದವರಿಗೆ ದಾರಿ ಇಲ್ಲಿದೆ. ಕುಶಲತೆ ನಿಜಕ್ಕೂ ಬೆಳೆಯುವುದು ಹೊಸದನ್ನು ಕಟ್ಟುವಾಗ. ಇದು ಹೊಸ ಪ್ರತಿ ಎಂದು ಅದರ ಮೇಲೆ ಬರೆಯಲು ನಾಚಿಕೆಪಡಬೇಕಾದ್ದೂ ಇಲ್ಲ.

ಯೋಧರ ಸ್ಮರಣೆಗಾಗಿ ಹಾರಿಸುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಹೇಳಲಾರೆ. ಯುದ್ಧದಲ್ಲಿ ಸತ್ತವರ ನೆನಪಿಗೆ ಶಾಂತಿಕಾಲದಲ್ಲಿ ಇನ್ನಷ್ಟು ಜನ ಸಾಯುವುದನ್ನು ಯಾವ ಯೋಧನೂ ಕೇಳಿರಲಾರ.

ನಿಂತ ವಿಮಾನ ಮಾತಾಡುವುದಿಲ್ಲ ಎಂಬುದು ಇವರ ಇನ್ನೊಂದು ದೂರು. ಲಂಡನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿ ಒಂದು ಹ್ಯಾಲಿಫ್ಯಾಕ್ಸ್ ಬಾಂಬರ್ ಇದೆ. 1942ರ ಏಪ್ರಿಲಿನಲ್ಲಿ ಜರ್ಮನಿಯ ಯುದ್ಧನೌಕೆ ಟಿರ್ಪಿಟ್ಸ್ ಮೇಲೆ ದಾಳಿ ಮಾಡಿ, ಗುಂಡೇಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿಯಿತು. ಸಿಬ್ಬಂದಿಯಲ್ಲಿ ಒಬ್ಬ ಸೆರೆ ಸಿಕ್ಕಿದ, ಉಳಿದವರು ನಡೆದು ಸ್ವೀಡನ್ ಸೇರಿದರು. ಮಂಜು ಕರಗಿ ವಿಮಾನ ಮುಳುಗಿತು. 1973ರಲ್ಲಿ ಮುಳುಗುಗಾರರು ಅದನ್ನು ಮೇಲಕ್ಕೆತ್ತಿದರು. ಸಂಗ್ರಹಾಲಯ ಅದನ್ನು ಹೊಸದರಂತೆ ಮಾಡಹೋಗಲಿಲ್ಲ. ಹರಿದ ತಗಡು, ಬಗ್ಗಿದ ಪ್ರೊಪೆಲರು, ಕೆರೆಯ ನೀರು ತಿಂದ ಲೋಹ, ಎಲ್ಲವೂ ಹಾಗೇ ಇದೆ. ಯುದ್ಧವು ವಿಮಾನಕ್ಕೂ ಅದರೊಳಗಿದ್ದ ಹುಡುಗರಿಗೂ ಏನು ಮಾಡಿತು ಎಂಬುದನ್ನು ಅದು ಹೇಳುವಷ್ಟು ಸ್ಪಷ್ಟವಾಗಿ ಹೊಳೆಯುವ ಬಣ್ಣದ, ಹಸಿರು ಹುಲ್ಲಿನ ಮೇಲೆ ಹಾರಾಡುವ ಯಾವ ಬಾಂಬರೂ ಹೇಳಲಾರದು. ಏರ್ ಶೋದ ಬಾಂಬರಿನಲ್ಲಿ ರಕ್ತ ಇರುವುದಿಲ್ಲ, ಕೆಳಗೆ ಉರಿದ ಊರುಗಳೂ ಇರುವುದಿಲ್ಲ. ಸದ್ದು ಮತ್ತು ಸೊಬಗು ಮಾತ್ರ ಉಳಿದಿರುತ್ತವೆ.

ಬಯಲಲ್ಲಿ ನಿಲ್ಲಿಸಿ ಕೊಳೆಸುವುದಕ್ಕಿಂತ ಹಾರಿಸುವುದೇ ವಾಸಿ ಎಂಬ ಮಾತು ಕೇಳಿದಾಗ ಮಾತ್ರ ನನಗೆ ಸಿಟ್ಟಿಗಿಂತ ಸಂಕಟವಾಗುತ್ತದೆ, ಯಾಕೆಂದರೆ ಅದರ ಮೊದಲರ್ಧ ನಮ್ಮ ದೇಶದ ಮಟ್ಟಿಗೆ ನಿಜ. ವೃತ್ತಗಳಲ್ಲಿ, ಕಾಲೇಜುಗಳ ಅಂಗಳದಲ್ಲಿ, ಉದ್ಯಾನಗಳಲ್ಲಿ ಕಂಬಕ್ಕೆ ಏರಿಸಿದ ವಿಮಾನಗಳು ಬಿಸಿಲು ಮಳೆಯಲ್ಲಿ ನಿಂತಿವೆ. ಗಾಜು ಮಂಕಾಗುತ್ತದೆ, ರೆಕ್ಕೆಯ ಸಂದಿಯಲ್ಲಿ ನೀರು ನಿಲ್ಲುತ್ತದೆ, ಹಕ್ಕಿ ಗೂಡು ಕಟ್ಟುತ್ತದೆ. ಸಮಾರಂಭ ಬಂದರೆ ಇನ್ನೊಂದು ಕೋಟು ಪೇಂಟು. ಕಾರವಾರದಲ್ಲಿ ನೌಕಾಪಡೆಯ ಟುಪೊಲೆವ್ ಟಿಯು-142 ಕಡಲ ಪಕ್ಕದಲ್ಲೇ ನಿಂತಿದೆ. ಅರಬ್ಬೀ ಸಮುದ್ರದ ಉಪ್ಪುಗಾಳಿ ಅಲ್ಯೂಮಿನಿಯಂಗೆ ಏನು ಮಾಡುತ್ತದೆಂಬುದು ಮೀನುಗಾರಿಕೆ ದೋಣಿಯ ಎಂಜಿನ್ ನೋಡಿಕೊಳ್ಳುವ ಯಾರಿಗೂ ಗೊತ್ತು. ಈ ಸ್ಥಿತಿಗೆ ಮದ್ದು ಒಂದು ಸೂರು. ಟ್ಯಾಂಕಿಗೆ ಇಂಧನ ತುಂಬಿದರೆ ತುಕ್ಕು ನಿಲ್ಲುವುದಿಲ್ಲ. ‘ಮೆಂಫಿಸ್ ಬೆಲ್’ ಬಿ-17 ಕೂಡ ದಶಕಗಳ ಕಾಲ ಬಯಲಲ್ಲಿ ಕೊಳೆಯಿತು, ಜನ ಅದರ ಭಾಗಗಳನ್ನು ಕಿತ್ತುಕೊಂಡು ಹೋದರು. ಕಡೆಗೆ ಅಮೆರಿಕದ ವಾಯುಪಡೆಯ ಡೇಟನ್ ಸಂಗ್ರಹಾಲಯ ಅದನ್ನು ಒಳಗೆ ತಂದು, ವರ್ಷಗಟ್ಟಲೆ ದುಡಿದು 2018ರಲ್ಲಿ ಜನರೆದುರು ನಿಲ್ಲಿಸಿತು. ಅದನ್ನು ಹಾರಿಸುವ ಮಾತು ಅಲ್ಲಿ ಬರಲಿಲ್ಲ. ಕೊಳೆಯುವುದು, ಹಾರುವುದು ಇವೆರಡರ ನಡುವೆ ಇಷ್ಟು ವಿಶಾಲವಾದ ಜಾಗ ಇರುವಾಗ ವಿಮಾನಪ್ರಿಯರು ಅದನ್ನು ಕಾಣದಿರುವುದು ಹೇಗೆ?

ಎಲ್ಲ ಹಳೆಯ ವಿಮಾನಗಳನ್ನೂ ಬೀಗ ಹಾಕಿ ಇಡಬೇಕೆಂದು ನಾನು ಹೇಳುತ್ತಿಲ್ಲ. ಟೈಗರ್ ಮಾತ್ ಜಗತ್ತಿನಲ್ಲಿ ಇನ್ನೂ ಸಾಕಷ್ಟಿವೆ, ನಿಧಾನಕ್ಕೆ ಹಾರುತ್ತವೆ, ಡಕೋಟಾಗಳೂ ಇವೆ. ಅವು ಹಾರಲಿ, ಸ್ವಂತ ಹೆಸರಿನಲ್ಲಿ ಹಾರಲಿ. ಟಿಕೆಟ್ ಮಾರಿ ಜನರನ್ನು ಬಾಂಬರುಗಳಿಗೆ ತುಂಬುವುದು ನಿಲ್ಲಬೇಕು. ಜನವಸತಿಯ ಮೇಲೆ ಹಳೆಯ ಜೆಟ್ಟುಗಳ ಕಸರತ್ತು ನಿಲ್ಲಬೇಕು. ಬೆರಳೆಣಿಕೆಯಲ್ಲಿ ಉಳಿದದ್ದು ನೆಲ ಬಿಡಬಾರದು. ಬ್ರಿಟನ್ನಿನ ವಲ್ಕನ್ ಬಾಂಬರ್ ಎಕ್ಸ್‌ಎಚ್558 ವಿಷಯದಲ್ಲಿ ವಿವೇಕ ಗೆದ್ದಿತು. ಸಾವಿರಾರು ಜನ ದೇಣಿಗೆ ಕೊಟ್ಟು ಹಾರಿಸಿದ ವಿಮಾನ ಅದು. ಇನ್ನು ಮುಂದೆ ತಾಂತ್ರಿಕ ಹೊಣೆ ಹೊರಲಾರೆವು ಎಂದು ಕಂಪನಿಗಳು ಹೇಳಿದ ಮೇಲೆ 2015ರ ಅಕ್ಟೋಬರಿನಲ್ಲಿ ಕಡೆಯ ಬಾರಿ ಹಾರಿ ಇಳಿಯಿತು. ಅಭಿಮಾನಿಗಳು ಅತ್ತರು. ವಲ್ಕನ್ ಇವತ್ತೂ ಇಡಿಯಾಗಿದೆ.

ದಿಲ್ಲಿಯ ಪಾಲಂನ ವಾಯುಪಡೆ ಸಂಗ್ರಹಾಲಯದಲ್ಲಿ ವೆಸ್ಟ್‌ಲ್ಯಾಂಡ್ ವಾಪಿಟಿ ಇದೆ. 1933ರ ಏಪ್ರಿಲಿನಲ್ಲಿ ಕರಾಚಿಯಲ್ಲಿ ನಮ್ಮ ವಾಯುಪಡೆಯ ಮೊದಲ ತುಕಡಿ ಶುರುವಾದದ್ದು ನಾಲ್ಕು ವಾಪಿಟಿಗಳಿಂದ, ಆ ಜಾತಿಯಲ್ಲಿ ಜಗತ್ತಿನಲ್ಲಿ ಉಳಿದಿರುವುದು ಪಾಲಂನದ್ದೊಂದೇ. ಅದನ್ನು ಹಾರಿಸೋಣ ಎಂದು ಹೇಳುವ ಧೈರ್ಯ ಯಾವ ವಿಮಾನಪ್ರಿಯನಿಗಿದೆ? ಯಾರಿಗೂ ಇಲ್ಲ, ಇರಬಾರದು. ಹಾಗಿದ್ದ ಮೇಲೆ ಹಾರದ ವಿಮಾನ ಹೆಣ ಎಂಬ ಮಾತನ್ನು ಅವರೇ ನಂಬಿಲ್ಲವೆಂದಾಯಿತು.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದರು. ಅರವತ್ತೆರಡು ವರ್ಷ ಅದು ದೇಶದ ಆಕಾಶ ಕಾಯಿತು, ನೂರಕ್ಕೂ ಹೆಚ್ಚು ಪೈಲಟ್‌ಗಳನ್ನು ಬಲಿ ತೆಗೆದುಕೊಂಡಿತು. ಇಷ್ಟರಲ್ಲೇ ಒಂದು ಮಿಗ್-21ನ್ನಾದರೂ ವಿಂಟೇಜ್ ಫ್ಲೈಟ್‌ನಲ್ಲಿ ಹಾರಿಸಬೇಕೆಂಬ ಕೂಗು ಏಳುತ್ತದೆ, ಯಲಹಂಕದ ಏರ್ ಶೋದಲ್ಲಿ ನೋಡಬೇಕೆಂದು ಜನ ಕೇಳುತ್ತಾರೆ. ವಾಯುಪಡೆ ಅದಕ್ಕೆ ಮಣಿಯಬಾರದು. ಕಂಬದ ಮೇಲೆ ಏರಿಸಲು ಕೇಳುವ ಊರುಗಳಿಗೆ ಕೊಟ್ಟು ಮುಗಿಸುವ ಮೊದಲು, ಕೊನೆಯ ದಿನದವರೆಗೂ ಹಾರಿದ ಒಂದೆರಡನ್ನು ಆರಿಸಿ, ಕಡೆಯ ಹಾರಾಟದ ಮಸಿ, ಸವೆದ ಬಣ್ಣ, ಕಾಕ್‌ಪಿಟ್ಟಿನಲ್ಲಿ ಪೈಲಟ್‌ಗಳ ಕೈ ತಾಕಿ ಹೊಳಪಾದ ಗುಂಡಿಗಳು ಸಮೇತ, ಲಾಗ್‌ಬುಕ್ಕಿನೊಂದಿಗೆ ಸೂರಿನ ಕೆಳಗೆ ಇಡಲಿ. ಬಲ್ಲ ತಂತ್ರಜ್ಞರು ಇನ್ನೂ ಇರುವಾಗಲೇ ನೆಲದ ಮೇಲೆ ಅದರ ಎಂಜಿನ್ ಓಡಿಸಿ, ಆ ಸದ್ದನ್ನು ಒಳ್ಳೆಯ ಸಲಕರಣೆಗಳಿಂದ ಮುದ್ರಿಸಿಡಲಿ, ಅದನ್ನು ನೋಡಿಕೊಂಡ ಏರ್‌ಮನ್‌ಗಳ ಮಾತನ್ನೂ ಮುದ್ರಿಸಿಡಲಿ. ಆಮೇಲೆ ಟ್ಯಾಂಕಿನಿಂದ ಇಂಧನ ಪೂರ್ತಿ ಬಸಿದು, ಮತ್ತೆ ತುಂಬಬಾರದೆಂದು ಬರೆದು ಆದೇಶ ಹೊರಡಿಸಲಿ.